ಕಹಳೆ ಊದುವ ಕಣಗಳು



ಹಿರಿಯೂರಿನ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ದಿನವಿಡೀ ಪಾತ್ರೆ ತೊಳೆಯುವವರ ಕೈಯನ್ನು ಒಮ್ಮೆ ಗಮನಿಸಿ. ಕೆಲವರಿಗೆ ನಡುಬೆರಳು, ಉಂಗುರಬೆರಳಿನ ಸಂದಿನಲ್ಲಿ ಚರ್ಮ ನೆನೆದು ಬೆಳ್ಳಗಾಗಿ, ಮಧ್ಯೆ ಕೆಂಪಗೆ ಸುಲಿದಿರುತ್ತದೆ. ತುರಿಕೆ, ಉರಿ. ನೀರಲ್ಲಿ ಕೈಯಾಡಿಸಿದರೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅಲ್ಲಿ ಬೀಡುಬಿಟ್ಟಿರುವುದು ಕ್ಯಾಂಡಿಡಾ ಎಂಬ ಯೀಸ್ಟು. ಬ್ರೆಡ್ಡು ಉಬ್ಬಿಸುವ ಯೀಸ್ಟಿಗೆ ದೂರದ ನೆಂಟ.

ಕ್ಯಾಂಡಿಡಾ ಎಲ್ಲಿಂದಲೋ ಬಂದದ್ದಲ್ಲ. ಆರೋಗ್ಯವಂತರ ಬಾಯಿ, ಕರುಳಿನಲ್ಲೂ ಅದು ದುಂಡಗೆ ತೆಪ್ಪಗೆ ಕೂತಿರುತ್ತದೆ. ಸದಾ ತೇವ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬಹಳ ದಿನ ನುಂಗಿದ ಆಂಟಿಬಯೋಟಿಕ್ ಮಾತ್ರೆ, ಇಂಥದ್ದೊಂದು ಅನುಕೂಲ ಸಿಕ್ಕರೆ ತಲೆಯೆತ್ತುತ್ತದೆ. ಬಾಯಿಯಂಥ ಕಡೆ ನೂಲಿನಂತೆ ಎಳೆ ಚಾಚಿ ಒಳಕ್ಕಿಳಿಯುತ್ತದೆ. ಆ ಎಳೆಗಳು ಬಿಡುವ ಕ್ಯಾಂಡಿಡಾಲೈಸಿನ್ ಎಂಬ ವಿಷ ನಮ್ಮ ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆ. ಈ ವಿಷ ಪತ್ತೆಯಾದದ್ದು 2016ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಇಂಥ ಶತ್ರುವಿನಿಂದ ಮೈಯ ಕಾವಲು ಎಂದ ಕೂಡಲೇ ನಮ್ಮ ಚಿತ್ರದುರ್ಗದಲ್ಲಿ ಭಾಷಣಕಾರರು ಓಬವ್ವನ ಒನಕೆ ಎತ್ತಿಕೊಳ್ಳುತ್ತಾರೆ. ನನಗೆ ಇಲ್ಲಿ ನೆನಪಾಗುವುದು ಅವಳ ಗಂಡ, ಕಹಳೆ ಮುದ್ದಹನುಮ. ಕೋಟೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಓಬವ್ವ ಸದ್ದಿಲ್ಲದೆ ಬಡಿದಳು. ಊಟ ಮುಗಿಸಿ ಬಂದವನು ಕಹಳೆ ಊದಿದ, ಸೈನ್ಯ ಓಡಿಬಂತು ಎನ್ನುತ್ತದೆ ಕತೆ. ಮೈಯೊಳಗೆ ಈ ಎರಡು ಕೆಲಸವನ್ನೂ ಮಾಡುವ ಕಣವೊಂದಿದೆ, ಮ್ಯಾಕ್ರೋಫೇಜ್. ಯೀಸ್ಟನ್ನು ನುಂಗುತ್ತದೆ, ಕೂಗಿಯೂ ಕರೆಯುತ್ತದೆ.

ಶತ್ರು ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಯೀಸ್ಟಿನ ಗೋಡೆಯಲ್ಲಿ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ ಇದೆ. ನಮ್ಮ ಮೈ ಅದನ್ನು ತಯಾರಿಸುವುದೇ ಇಲ್ಲ. ಯೀಸ್ಟೂ ಜಾಣ, ಇನ್ನೊಂದು ಸಕ್ಕರೆಯ ಹೊದಿಕೆಯಿಂದ ಅದನ್ನು ಮುಚ್ಚಿಕೊಂಡಿರುತ್ತದೆ. ಆದರೆ ಮರಿ ಕವಲೊಡೆದು ಬೇರಾದ ಕಡೆ ಗಾಯ ಉಳಿಯುತ್ತದಲ್ಲ, ಅಲ್ಲಿ ಹೊದಿಕೆ ಸರಿದು ಒಳಗಿನದು ಇಣುಕುತ್ತದೆ. ಕಣದ ಮೈಮೇಲಿನ ಡೆಕ್ಟಿನ್-1 ಎಂಬ ಪ್ರೋಟೀನು ಅದನ್ನೇ ಹಿಡಿಯುತ್ತದೆ.

ಹಿಡಿದ ಮಾತ್ರಕ್ಕೆ ಮ್ಯಾಕ್ರೋಫೇಜ್ ಕಹಳೆ ಊದಿಬಿಡುವುದಿಲ್ಲ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂಕೇತವನ್ನು ಮೊದಲು ಜಡವಾದ ಉದ್ದನೆಯ ರೂಪದಲ್ಲಿ ತಯಾರಿಸಿ ಇಟ್ಟುಕೊಳ್ಳುತ್ತದೆ. ವಿಷದ ತೂತಿನಂಥ ನಿಜವಾದ ಹಾನಿ ಕಂಡಾಗ ಕ್ಯಾಸ್ಪೇಸ್-1 ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಆಮೇಲೆಯೇ ಕೂಗು. ಆ ಕೂಗಿಗೆ ರಕ್ತನಾಳಗಳು ಹಿಗ್ಗುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ದಂಡುಗಟ್ಟಿ ಬರುತ್ತವೆ. ಕೆಂಪು, ಬಾವು, ಬಿಸಿ ಎಲ್ಲ ಬಹುಪಾಲು ಆ ಓಡಾಟದ್ದು.

ಯೀಸ್ಟನ್ನು ಬಿಳಿ ಕಣಗಳು ನುಂಗುವುದನ್ನು ರಷ್ಯಾದ ಇಲ್ಯಾ ಮೆಕ್ನಿಕಾಫ್ ನೀರ್ಚಿಗಟ ಎಂಬ ಪುಟ್ಟ ಜಲಜೀವಿಯ ಪಾರದರ್ಶಕ ಮೈಯಲ್ಲಿ ಕಂಡು 1884ರಲ್ಲೇ ಬರೆದಿದ್ದರು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ಇಷ್ಟೆಲ್ಲ ಹೇಳಿದ್ದು ಒಂದು ಮುಲಾಮಿನ ಟ್ಯೂಬಿನ ಸಲುವಾಗಿ. ಹೊಸದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ತುರಿಕೆ ಎಂದರೆ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚುವವರಿಗೆ ಬರವಿಲ್ಲ. ಎರಡೇ ದಿನದಲ್ಲಿ ಕೆಂಪು ಮಾಯ. ಸ್ಟೀರಾಯ್ಡ್ ಅಲ್ಲಿ ಅಡಗಿಸಿದ್ದು ಕಹಳೆಯನ್ನು, ಯೀಸ್ಟು ಹಾಗೇ ಹಬ್ಬುತ್ತಿರುತ್ತದೆ. ದಯವಿಟ್ಟು ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಆಸ್ತಮಾಕ್ಕೆಂದು ಸ್ಟೀರಾಯ್ಡ್ ಪಂಪು ಎಳೆಯುವವರು, ಬಾಯಲ್ಲೂ ಇದೇ ಯೀಸ್ಟು ಹಬ್ಬದಂತೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ನೀರು ಉಗಿಯಿರಿ.