ಕತ್ತಿ-ಚಾಕುಗಳ ಕಾರ್ಯಾಗಾರ ಹೇಗಿರಬೇಕು?

(ಹೊಂಗನೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದು, ಕನ್ನಡ ಪಾಠ ಹೇಳುವ ಮೇಷ್ಟರಿಗೂ ಕತ್ತಿ ಮಾಡುವ ಕೆಲಸಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸಂಬಂಧ ಇದೆ. ಸಾಣೆ ಹಿಡಿದು ಹೊಳಪು ಕೊಡುವುದಕ್ಕೆ ಉರ್ದುವಿನಲ್ಲಿ ‘ಸೈಕಲ್’ ಎಂಬ ಮಾತಿದೆ. ಅರಬ್ಬಿಯಿಂದ ಬಂದದ್ದು. ಆ ಕೆಲಸ ಮಾಡುವವನು ಸೈಕಲ್‌ಗರ್. ಅದೇ ಜನರ ಬಾಯಲ್ಲಿ ಸವೆದು ಸಿಕ್ಕಲಿಗಾರ ಆಯಿತು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿಯೂ ಆ ಹೆಸರು ಇದೆ. ತರಗತಿಯಲ್ಲಿ ಈ ಪದ ಹೇಳಿದಾಗಲೆಲ್ಲ ಮಕ್ಕಳು ನಗುತ್ತಾರೆ, ಏಕೆಂದರೆ ಸಾಣೆ ಹಿಡಿಯುವವನು ಬರುವುದೇ ಸೈಕಲ್ ಮೇಲೆ. ನನ್ನ ಚಾಚಾ ಕೂಡ ಹಾಗೆಯೇ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಊರೂರು ಸುತ್ತಿದವರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ನಿಲ್ಲಿಸಿದ ಹುಡುಗರಿಗಾಗಿ ಒಂದು ಕತ್ತಿ-ಚಾಕುಗಳ ಕಾರ್ಯಾಗಾರ ಮಾಡಬೇಕೆಂದು ನಮ್ಮ ಹಿರಿಯರು ಯೋಚಿಸಿದ್ದಾರೆ. ಒಂದು ತಗಡಿನ ಶೆಡ್ಡನ್ನೂ ನೋಡಿದ್ದಾರೆ. ಅಗಲ ಇಪ್ಪತ್ತು ಅಡಿ, ಉದ್ದ ಮೂವತ್ತು ಅಡಿ, ಒಂದೇ ಬಾಗಿಲು, ಕಿಟಕಿ ಇಲ್ಲ. ಯಂತ್ರಗಳ ಪಟ್ಟಿಯೊಂದು ನನ್ನ ಕೈಗೆ ಬಂತು. ಪಟ್ಟಿ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಕಿಟಕಿ ಇಲ್ಲ, ನೀರಿನ ತೊಟ್ಟಿ ಇಲ್ಲ, ಮೂಗಿಗೆ ಕಟ್ಟುವ ಮಾಸ್ಕ್ ಇಲ್ಲ. ಅದಕ್ಕಾಗಿಯೇ ನಾನು ಮಾತಾಡಲು ಅವಕಾಶ ಕೇಳಿದೆ.

ಈ ಸೀಮೆಗೆ ಉಕ್ಕಿನ ಕೆಲಸ ಹೊಸದಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ನೋಡಿದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗಿ ದೂರದೂರಕ್ಕೆ ಹೋಗುತ್ತಿತ್ತು ಎಂದು ಅವನು ಬರೆದಿದ್ದಾನೆ. ಇಂದು ಚನ್ನಪಟ್ಟಣ ಎಂದರೆ ಗೊಂಬೆ. ಆದರೆ ಹಾಲೆ ಮರ ಕಡೆಯುವ ಗೊಂಬೆ ಕೆಲಸದವರ ಕೈಯಲ್ಲಿ ಇರುವುದು ಏನು? ಉಳಿ. ಉಕ್ಕು ಚೆನ್ನಾಗಿಲ್ಲದಿದ್ದರೆ ಗಂಟೆಗೊಂದು ಸಲ ಲೇತು ನಿಲ್ಲಿಸಿ ಸಾಣೆ ಹಿಡಿಯಬೇಕು. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಿಂತ ಲೇತು ಎಂದರೆ ಹೋದ ದುಡ್ಡು.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಯಾರಿಗೆ ಏನು ಬೇಕು ಎಂದು ಕೇಳೋಣ. ಗೊಂಬೆ ಕೆಲಸದವರಿಗೆ ಉಳಿ. ರೇಷ್ಮೆ ಸಾಕುವವರಿಗೆ ಹಿಪ್ಪುನೇರಳೆ ಕೊಯ್ಯುವ ಕುಡುಗೋಲು, ಮರಿಹುಳುವಿಗೆ ಸೊಪ್ಪು ಹೆಚ್ಚುವ ಚೂರಿ. ತೆಂಗಿನ ತೋಟದವರಿಗೆ ಮಚ್ಚು. ಮನೆಮನೆಗೆ ಈಳಿಗೆ ಮಣೆ. ಮಾಂಸದ ಅಂಗಡಿಯವರಿಗೆ ವರ್ಷವಿಡೀ ಚಾಕು, ಬಕ್ರೀದ್ ಹತ್ತಿರ ಬಂದರೆ ಎಲ್ಲರಿಗೂ ಒಟ್ಟಿಗೆ ಅವಸರ. ಮೊದಲ ವರ್ಷ ನಾವು ಹೊಸ ಚಾಕು ಮಾರುವ ಆಸೆಯನ್ನೇ ಇಟ್ಟುಕೊಳ್ಳಬಾರದು ಎಂದು ನನ್ನ ಅಭಿಪ್ರಾಯ. ಸಾಣೆ ಮತ್ತು ರಿಪೇರಿಯಿಂದ ದಿನಾ ಕೈಗೆ ಕಾಸು ಬರುತ್ತದೆ. ನೂರು ಜನರ ಹಳೆಯ ಕತ್ತಿ ಕೈಯಲ್ಲಿ ಹಿಡಿದವನಿಗೆ ಯಾವುದು ಒಳ್ಳೆಯ ಕತ್ತಿ ಎಂದು ಬೇರೆ ಪಾಠ ಬೇಕಾಗಿಲ್ಲ.

ಇನ್ನು ಶೆಡ್ಡಿನ ವಿಷಯ. ಈ ಆರುನೂರು ಚದರ ಅಡಿಯನ್ನು ಮೂರು ಪಾಲು ಮಾಡಬೇಕು: ಬೆಂಕಿ ಒಂದು ಕಡೆ, ಸಾಣೆ ಒಂದು ಕಡೆ, ಹಿಡಿ ಕೂರಿಸುವ ಮರದ ಕೆಲಸ ಇನ್ನೊಂದು ಕಡೆ. ಬರಿಯ ಗೆರೆ ಹಾಕಿದರೆ ಸಾಲದು, ಗೋಡೆಯೇ ಬೇಕು. ಸಾಣೆಯ ಕಿಡಿಯೂ ಮರದ ಹುಡಿಯೂ ಒಂದೇ ಕಡೆ ಸೇರಿದರೆ ಬೆಂಕಿ ಹತ್ತುತ್ತದೆ. ಒಳಗೊಳಗೇ ಹೊಗೆಯಾಡಿ, ಎಲ್ಲರೂ ಬೀಗ ಹಾಕಿ ಮನೆಗೆ ಹೋದ ಮೇಲೆ ಹತ್ತುವುದೂ ಉಂಟು. ಧೂಳು ಎಳೆಯುವ ಯಂತ್ರ ಒಂದೇ ಸಾಕು, ಎರಡಕ್ಕೂ ಪೈಪು ಹಾಕೋಣ ಎಂದು ಪಟ್ಟಿಯಲ್ಲಿ ಬರೆದಿದೆ. ಉಳಿತಾಯ ಕಾಣುವುದು ಅಲ್ಲೇ, ಅಪಾಯ ಇರುವುದೂ ಅಲ್ಲೇ.

ಬೆಳಕಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಕುಲುಮೆಗೆ ನೆರಳು ಬೇಕು, ಸಾಣೆಗೆ ಬೆಳಕು ಬೇಕು. ಕಾದ ಉಕ್ಕಿನ ಹದವನ್ನು ಕಮ್ಮಾರ ಬಣ್ಣದಿಂದ ತಿಳಿಯುತ್ತಾನೆ. ಬಿಸಿಲು ಬಿದ್ದರೆ ಚೆನ್ನಾಗಿ ಕೆಂಪಾದ ಕಬ್ಬಿಣವೂ ಕಪ್ಪಾಗಿ ಕಾಣುತ್ತದೆ. ಇನ್ನೂ ಕಾಯಲಿ ಎಂದು ಬಿಟ್ಟರೆ ಉಕ್ಕು ಸುಟ್ಟುಹೋಗುತ್ತದೆ. ಹಳ್ಳಿಯ ಕುಲುಮೆಗಳು ಮಬ್ಬುಗತ್ತಲಲ್ಲಿ ಇರುತ್ತಿದ್ದುದು ಬಡತನಕ್ಕಲ್ಲ. ಹಾಗಾಗಿ ಶೆಡ್ಡಿನ ಪಡುವಣ ಮೂಲೆ ಕುಲುಮೆಗೆ ಇರಲಿ, ಮೇಲೆ ಹೊಗೆಗೂಡು ಇರಲಿ, ಸಂಜೆಯ ಬಿಸಿಲು ಒಳಗೆ ಬಾರದಂತೆ ಮರೆ ಇರಲಿ. ಸಾಣೆಯ ಕಡೆಗೆ ಬಡಗಣ ಗೋಡೆಯಲ್ಲಿ ಎರಡು ದೊಡ್ಡ ಕಿಟಕಿ ಬೇಕು. ಬಡಗಣದ ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಕತ್ತಿಯ ಬಾಯಿಯನ್ನು ಬೆಳಕಿಗೆ ಹಿಡಿದಾಗ ಎಲ್ಲಾದರೂ ಮಿಂಚಿದರೆ ಅಲ್ಲಿ ಮೊಂಡಾಗಿದೆ ಎಂದು ಅರ್ಥ. ಅದು ಕಾಣುವುದು ಇಂಥ ಬೆಳಕಿನಲ್ಲೇ.

ನೆಲಕ್ಕೆಲ್ಲ ಸಿಮೆಂಟು ಬೇಡ. ಕುಲುಮೆಯ ಮುಂದೆ ಗಟ್ಟಿಸಿದ ಮಣ್ಣಿನ ನೆಲವೇ ಒಳ್ಳೆಯದು. ಕೆಂಡದಂಥ ಕಬ್ಬಿಣ ಬಿದ್ದರೆ ಸಿಮೆಂಟು ಚಟ್ಟೆಂದು ಸಿಡಿಯುತ್ತದೆ, ಮಣ್ಣು ತಾಳಿಕೊಳ್ಳುತ್ತದೆ. ನಿಲ್ಲುವವನ ಮಂಡಿಗೂ ಹಿತ.

ಸಾಮಾನುಗಳಲ್ಲಿ ಮೊದಲನೆಯದು ಅಡಿಗಲ್ಲು. ಐವತ್ತು ಕಿಲೋ ತೂಕದ್ದು ನಮಗೆ ಸಾಕು. ಗುಜರಿಯಲ್ಲಿ ರೈಲು ಕಂಬಿಯ ತುಂಡು ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಸೂಚಿಸಿದ್ದಾರೆ. ದಯವಿಟ್ಟು ಬೇಡ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಮೇಲೆ 1966ರ ಕಾನೂನು ಇದೆ, ಸಂಘದ ಹೆಸರಿಗೆ ಅದು ಬೇಕಾಗಿಲ್ಲ. ಅಡಿಗಲ್ಲಿನ ಎತ್ತರಕ್ಕೆ ಒಂದು ಅಳತೆ ಉಂಟು: ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಬೆರಳ ಗೆಣ್ಣು ಅದರ ಮೇಲ್ಮೈಗೆ ಸರಿಯಾಗಬೇಕು. ತಗ್ಗಾದರೆ ಸೊಂಟ ಹೋಗುತ್ತದೆ, ಎತ್ತರವಾದರೆ ಭುಜ. ಹುಡುಗರೆಲ್ಲ ಒಂದೇ ಎತ್ತರ ಇರುವುದಿಲ್ಲ, ಆದ್ದರಿಂದ ಕೆಳಗಿಡಲು ಎರಡು ಮೂರು ಮರದ ಹಲಗೆ ಇರಲಿ. ಕುಲುಮೆಗೂ ಅಡಿಗಲ್ಲಿಗೂ ನಡುವೆ ಒಂದು ಹೆಜ್ಜೆ, ತಿರುಗಿ ನಿಂತರೆ ಸಿಗಬೇಕು. ನಾಲ್ಕು ಹೆಜ್ಜೆ ನಡೆದರೆ ತೆಳುವಾದ ಅಲಗು ದಾರಿಯಲ್ಲೇ ಆರಿಹೋಗುತ್ತದೆ. ಇಕ್ಕಳ ಮೂರು ಬಗೆಯವು, ಸುತ್ತಿಗೆ ಎರಡು ತೂಕದವು, ಒಂದು ಚಮ್ಮಟಿಗೆ, ಅರಗಳು ಒಂದು ಜೊತೆ. ತಿದಿ ಒತ್ತುವ ಕಾಲ ಹೋಯಿತು, ಸಣ್ಣ ಬ್ಲೋಯರ್ ಸಾಕು. ಪಟ್ಟಿಯಲ್ಲಿರುವ ಪವರ್ ಹ್ಯಾಮರ್ ಸದ್ಯಕ್ಕೆ ಬೇಡ. ಆ ಹಣದಲ್ಲಿ ಕಿಟಕಿ, ಗೋಡೆ, ಫ್ಯಾನು ಎಲ್ಲವೂ ಆಗುತ್ತದೆ.

ಉಕ್ಕನ್ನು ಗುಜರಿಯಿಂದ ತರಬಹುದು. ಲಾರಿಯ ಪಟ್ಟಿ ಸ್ಪ್ರಿಂಗು ಮಚ್ಚು, ಕುಡುಗೋಲಿಗೆ ಒಳ್ಳೆಯದು. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಕಲಿಯುವ ಹುಡುಗನಿಗೆ ತಪ್ಪು ತನ್ನದೋ ಉಕ್ಕಿನದೋ ಗೊತ್ತಾಗುವುದಿಲ್ಲ. ಅದಕ್ಕೆ ಮೊದಲ ಆರು ತಿಂಗಳು ಒಂದೇ ಜಾತಿಯ ಹೊಸ ಉಕ್ಕನ್ನು ಬಿಲ್ಲು ಸಹಿತ ಕೊಳ್ಳಬೇಕು.

ಹದ ಕೊಡುವುದಕ್ಕೆ ಹೆಚ್ಚು ಖರ್ಚಿಲ್ಲ. ತಂತಿಗೆ ಕಟ್ಟಿದ ಆಯಸ್ಕಾಂತದ ತುಂಡೊಂದು ಸಾಕು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಕಾಯಿಸಿ ಎಣ್ಣೆಗೆ ಅದ್ದಬೇಕು. ಎಣ್ಣೆ ಬೆಚ್ಚಗಿರಲಿ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ಕಡಲೆಕಾಯಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಣ್ಣೆ ಇರುವುದು ಕಬ್ಬಿಣದ ಡಬ್ಬದಲ್ಲಿ, ಮೇಲೆ ಮುಚ್ಚಳ, ಪಕ್ಕದಲ್ಲಿ ಮರಳಿನ ಬಕೆಟ್. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬಾರದು ಎಂದು ಗೋಡೆಯ ಮೇಲೆ ಕನ್ನಡ, ಉರ್ದು ಎರಡರಲ್ಲೂ ಬರೆಸಬೇಕು. ಬರೆದುಕೊಡುವ ಕೆಲಸ ನನ್ನದು. ಎಣ್ಣೆಯಿಂದ ತೆಗೆದ ಅಲಗು ಗಾಜಿನಂತೆ ಗಡಸು, ಬಿದ್ದರೆ ಒಡೆಯುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತರಬೇಕು. ಅಡುಗೆಮನೆಯ ಚಾಕುವಿಗೆ ಸುಮಾರು 200 ಡಿಗ್ರಿಯಲ್ಲಿ ಎರಡು ಗಂಟೆ, ಕೇಕ್ ಮಾಡುವ ಓವನ್ ಸಾಕು. ಮಚ್ಚಿಗೆ ಅದು ಸಾಲದು, ಮೈ ನೀಲಿಗೆ ತಿರುಗುವವರೆಗೆ ಕಾಯಿಸಬೇಕು. ಇಲ್ಲದಿದ್ದರೆ ಕಾಯಿಗೆ ಬಡಿದಾಗ ಬಾಯಿ ಚಕ್ಕೆ ಏಳುತ್ತದೆ.

ಹಿಡಿ ಕಡೆಯಲು ಹೊಸ ಲೇತು ಕೊಳ್ಳುವುದು ಬೇಡ, ಗೊಂಬೆ ಕೆಲಸದವರಿದ್ದಾರೆ. ಅವರ ಅರಗಿನ ಬಣ್ಣ ನೋಡಲು ಚೆಂದ. ಆದರೆ ಬಿಸಿನೀರಿನಲ್ಲಿ ತೊಳೆಯುವ ಚಾಕುವಿಗೆ ಅರಗು ಆಗದು, ಮೆತ್ತಗಾಗಿ ಕೈಗೆ ಅಂಟುತ್ತದೆ.

ಈಗ ಚಾಚಾ ವಿಷಯ. ಸೈಕಲ್ ತುಳಿದು ಸಾಕಾಗಿ ಅವರು ಬೆಂಗಳೂರಿನ ಒಂದು ವರ್ಕ್‌ಷಾಪಿಗೆ ಸೇರಿದರು. ಎಂಟು ಇಂಚಿನ ಸಾಣೆ ಚಕ್ರ, ನಿಮಿಷಕ್ಕೆ 2800 ಸುತ್ತು. ನಾನೇ ಲೆಕ್ಕ ಹಾಕಿದ್ದೇನೆ, ಅದರ ಅಂಚು ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತದೆ. ಹೊಸ ಚಕ್ರ ತರುವಾಗ ಸ್ಕೂಟರಿನಿಂದ ಒಮ್ಮೆ ಕೆಳಗೆ ಬಿದ್ದಿತ್ತು. ಒಡೆದಿಲ್ಲವಲ್ಲ ಎಂದು ಹಾಕಿದರು. ಮೇಲಿನ ಕವಚ ಅಡ್ಡ ಬರುತ್ತದೆ ಎಂದು ಚಾಚಾ ತಾವೇ ಬಿಚ್ಚಿಟ್ಟಿದ್ದರು. ಮೂರನೆಯ ದಿನ ಚಕ್ರ ಸಿಡಿಯಿತು. ಬಲಗಣ್ಣು ಹೋಯಿತು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳಿನಿಂದ ಬಡಿದು ನಾದ ಕೇಳುತ್ತಾರಲ್ಲ, ಸಾಣೆ ಚಕ್ರಕ್ಕೂ ಅದೇ ಪರೀಕ್ಷೆ. ಮರದ ಹಿಡಿಯಿಂದ ತಟ್ಟಿದರೆ ಠಣ್ ಎನ್ನಬೇಕು. ಡಬ್ ಎಂದರೆ ಒಳಗೆ ಬಿರುಕು. ಐದು ಸೆಕೆಂಡಿನ ಕೆಲಸ. ಚಾಚಾ ಈಗಲೂ ನಮ್ಮ ಮನೆಗೆ ಬಂದರೆ ಮಡಕೆ, ಲೋಟ, ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳಿನಿಂದ ತಟ್ಟಿ ನೋಡುತ್ತಾರೆ.

ಆದ್ದರಿಂದ ಕವಚ ಬಿಚ್ಚದ ಯಂತ್ರ, ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸುವ ಅಭ್ಯಾಸ, ಒಬ್ಬೊಬ್ಬರಿಗೂ ಅವರದೇ ಕನ್ನಡಕ. ಕಣ್ಣು ಹೋದದ್ದು ಆ ಕ್ಷಣವೇ ಗೊತ್ತಾಗುತ್ತದೆ. ಶ್ವಾಸಕೋಶ ಹಾಗಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳಿಗೆ ಹೆಸರಾದ ಊರು. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮರಳುಗಲ್ಲಿನ ಚಕ್ರದ ಮೇಲೆ ನೀರಿಲ್ಲದೆ ಫೋರ್ಕುಗಳಿಗೆ ಸಾಣೆ ಹಿಡಿಯುತ್ತಿದ್ದವರು ಮೂವತ್ತರ ಆಸುಪಾಸಿನಲ್ಲೇ ಸಾಯುತ್ತಿದ್ದರು. ಅಲ್ಲಿನ ವೈದ್ಯ ಕಾಲ್ವರ್ಟ್ ಹಾಲೆಂಡ್ 1843ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದ. ನಮ್ಮ ದೇಶದಲ್ಲಿಯೇ ಗುಜರಾತಿನ ಖಂಬಾತಿನಲ್ಲಿ ಅಕೀಕ್ ಕಲ್ಲು ಉಜ್ಜುವವರಿಗೆ ಅದೇ ಸಿಲಿಕೋಸಿಸ್ ಬಂದಿದೆ. ನೀವು ಬೆರಳಿನಲ್ಲಿ ಹಾಕುವ ಅಕೀಕ್ ಉಂಗುರದ ಕಲ್ಲೇ ಅದು. ಇಂದಿನ ಚಕ್ರಗಳು ಮರಳುಗಲ್ಲಿನವಲ್ಲ, ನಿಜ. ಆದರೆ ಉಕ್ಕಿನ ಹುಡಿಯೂ ಚಕ್ರದ ಹುಡಿಯೂ ಎದೆಗೆ ಹೋಗುವುದು ಅದೇ ದಾರಿಯಲ್ಲಿ. ಮುಖಕ್ಕೆ ಕರ್ಚೀಫು ಕಟ್ಟಿದರೆ ಏನೂ ಆಗದು. ಎನ್-95 ಮಾಸ್ಕ್ ಬೇಕು, ಚಕ್ರದ ಬಾಯಲ್ಲೇ ಹುಡಿ ಎಳೆಯುವ ಫ್ಯಾನು ಬೇಕು, ಸಾಧ್ಯವಿದ್ದಲ್ಲೆಲ್ಲ ನೀರು ಹಾಕಿಯೇ ಸಾಣೆ ಹಿಡಿಯಬೇಕು.

ಕಾನೂನಿನ ಎರಡು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆ ಕೇವಲ ಮನೆಬಳಕೆಗೂ ಬೇಸಾಯಕ್ಕೂ ಮಾಡಿದ ವಸ್ತುಗಳನ್ನು ಆಯುಧವೆಂದು ಎಣಿಸುವುದಿಲ್ಲ. ನಾವು ಮಾಡುವುದು ಅಂಥದ್ದನ್ನು ಮಾತ್ರ. ಯಾರಾದರೂ ಗೋಡೆಗೆ ತೂಗುಹಾಕಲು ಖಡ್ಗ ಮಾಡಿಕೊಡಿ ಎಂದರೆ, ನೆಂಟರೇ ಆಗಿರಲಿ, ಇಲ್ಲ ಎನ್ನಬೇಕು. ಪ್ರತಿಯೊಂದು ಅಲಗಿಗೂ ನಂಬರು, ಯಾವ ಉಕ್ಕು, ಯಾವ ದಿನ ಹದ, ಯಾರು ಕೊಂಡರು ಎಂಬ ರಿಜಿಸ್ಟರು ಇರಬೇಕು. ಕೆಟ್ಟ ಅಲಗು ವಾಪಸು ಬಂದಾಗ ತಪ್ಪು ಎಲ್ಲಾಯಿತೆಂದು ಅದೇ ಪುಸ್ತಕ ತೋರಿಸುತ್ತದೆ.

ಎರಡನೆಯದು ಕಷ್ಟದ ಮಾತು. 2016ರ ತಿದ್ದುಪಡಿಯ ನಂತರ 14 ತುಂಬಿ 18 ಆಗದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕುಲುಮೆ, ಸಾಣೆಗಳನ್ನು ನಾನಂತೂ ಅಪಾಯದ ಕೆಲಸವೆಂದೇ ಎಣಿಸುತ್ತೇನೆ. ನಮ್ಮ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸುವುದು ಹದಿನಾರಕ್ಕೆ. ಹಾಗಾದರೆ ಆ ಎರಡು ವರ್ಷ? ಐಟಿಐಗೆ ಕಳಿಸೋಣ, ಫೀಸು ಸಂಘ ಕೊಡಲಿ. ಶೆಡ್ಡು ಖಾಲಿ ಇದೆ ಎಂದು ಹದಿನಾರರ ಹುಡುಗನನ್ನು ಚಕ್ರದ ಮುಂದೆ ನಿಲ್ಲಿಸಲು ನಾನು ಒಪ್ಪುವುದಿಲ್ಲ. ಹದಿನೆಂಟು ದಾಟಿ ಕಸುಬಿಗೆ ಇಳಿದವರಿಗೆ 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಇದೆ. ಅದರ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆ, ಸುತ್ತಿಗೆ-ಸಲಕರಣೆ ತಯಾರಿಕೆ, ಗೊಂಬೆ ಕೆಲಸ ಮೂರೂ ಇವೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ. ಅರ್ಜಿ ತುಂಬಲು ಬರದವರು ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಬನ್ನಿ.

ಪಟ್ಟಿ ಮಾಡಿದ ಹಿರಿಯರ ಮೇಲೆ ನನಗೆ ಗೌರವವಿದೆ. ಅವರು ನನಗೆ ಅಕ್ಷರ ಕಲಿಸಿದವರು. ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟೇಪು ಹಿಡಿದು ಶೆಡ್ಡಿನ ಹತ್ತಿರ ಇರುತ್ತೇನೆ. ಚಾಚಾ ಕೂಡ ಬರುತ್ತೇನೆ ಎಂದಿದ್ದಾರೆ. ನೀವೂ ಬಂದರೆ ಬಡಗಣ ಗೋಡೆಯಲ್ಲಿ ಕಿಟಕಿ ಎಲ್ಲಿ ಬರಬೇಕೆಂದು ಅವತ್ತೇ ಸುಣ್ಣದಲ್ಲಿ ಗೆರೆ ಎಳೆಯಬಹುದು.