ಡೊಂಬಿವಲಿಯ ಹೆಸರಿನ ಸಂಖ್ಯೆಗಳು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ನಾವು ಕವಿಗಳನ್ನೂ ಶರಣರನ್ನೂ ದಾಸರನ್ನೂ ಅರಸರನ್ನೂ ನೆನೆಯುವುದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಈ ದಿನ ನಾವು ಗಣಿತವನ್ನು ಕುರಿತು ನಾಲ್ಕು ಮಾತು ಆಡಬೇಕೆಂದಿದ್ದೇವೆ. ನಾವು ಗಣಿತಶಾಸ್ತ್ರಜ್ಞರಲ್ಲ, ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಬೆಳಗಿನಿಂದ ಸಂಜೆಯವರೆಗೆ ಅಂಕಿಗಳ ನಡುವೆಯೇ ಇದ್ದರೂ ಅವುಗಳ ಸ್ವಭಾವವನ್ನು ವಿಚಾರಿಸಲು ನಮಗೆ ಪುರುಸೊತ್ತು ಸಾಲದು. ಹೀಗಿರುವಾಗ, ನಾವು ವಾಸಿಸುವ ಊರಿನ ಹೆಸರನ್ನೇ ಹೊತ್ತ ಸಂಖ್ಯೆಗಳು ಗಣಿತದಲ್ಲಿ ಉಂಟು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ನಮ್ಮಲ್ಲಿ ಬಹುಮಂದಿ ದಿನವೂ ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್ ಗಾಡಿಗಾಗಿ ಕಾಯುವವರು. ಅಲ್ಲಿಯ ನೂಕುನುಗ್ಗಲನ್ನು ನಿಮಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಮುಂಬಯಿಯಿಂದ ೩೦ ಮೈಲಿ ದೂರದಲ್ಲಿ, ಆಗಿನ ಜಿ. ಐ. ಪಿ. ರೈಲ್ವೆಯ ದಾರಿಯಲ್ಲಿದ್ದ ಈ ನಿಲ್ದಾಣವನ್ನು ಹಿಂದೆ ಡೆಮ್ಲೋ ಎಂದು ಕರೆಯುತ್ತಿದ್ದರು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬವರಿಗೆ ಒಂದು ಬಗೆಯ ಸಂಖ್ಯೆಗಳ ವಿಚಾರ ಹೊಳೆದದ್ದು ಇಲ್ಲಿಯೇ. ಆದ್ದರಿಂದ ಅವರು ಅವುಗಳಿಗೆ ‘ಡೆಮ್ಲೋ ಸಂಖ್ಯೆಗಳು’ ಎಂದು ಹೆಸರಿಟ್ಟರು. ೧೯೩೮ರಲ್ಲಿ ‘ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್’ ಎಂಬ ಪತ್ರಿಕೆಯಲ್ಲಿ ಅವನ್ನು ಕುರಿತ ಅವರ ಲೇಖನ ಅಚ್ಚಾಯಿತು.

ಈ ಕಾಪ್ರೇಕರ್ ಯಾರು? ಅವರು ಹುಟ್ಟಿದ್ದು ೧೯೦೫ರಲ್ಲಿ, ಆಗಿನ ಠಾಣೆ ಜಿಲ್ಲೆಗೆ ಸೇರಿದ್ದ ಡಹಾಣುವಿನಲ್ಲಿ. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಸಾಕಿ ಬೆಳೆಸಿದ ತಂದೆ ನಮ್ಮ ಹಾಗೆಯೇ ಒಬ್ಬ ಗುಮಾಸ್ತರು, ಜ್ಯೋತಿಷ್ಯದ ಹುಚ್ಚಿದ್ದವರು. ಆ ಹುಚ್ಚಿನ ಲೆಕ್ಕಾಚಾರಗಳಿಂದಲೇ ಮಗನಿಗೆ ಅಂಕಿಗಳ ಗೀಳು ಹತ್ತಿತು. ಪ್ರೌಢಶಾಲೆ ಠಾಣೆಯಲ್ಲಿ, ಕಾಲೇಜು ಪುಣೆಯ ಫರ್ಗ್ಯುಸನ್ನಿನಲ್ಲಿ. ೧೯೨೯ರಲ್ಲಿ ಬಿ. ಎಸ್‌ಸಿ. ಮುಗಿಸಿ, ೧೯೩೦ರಿಂದ ೧೯೬೨ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಅದರಾಚೆಗಿನ ಪದವಿ ಅವರಿಗಿರಲಿಲ್ಲ. ಅವರ ಕೆಲಸವನ್ನು ಮಕ್ಕಳಾಟವೆಂದು ತಳ್ಳಿಹಾಕಿದ ಪಂಡಿತರೂ ಇದ್ದರು. ನಿವೃತ್ತಿವೇತನ ಸಾಲದೆ ಮನೆಪಾಠ ಹೇಳಿ ದಿನ ಕಳೆದರು. ೧೯೭೫ರಲ್ಲಿ ಅಮೇರಿಕೆಯ ಮಾರ್ಟಿನ್ ಗಾರ್ಡ್‌ನರ್ ತಮ್ಮ ಪ್ರಸಿದ್ಧ ಅಂಕಣದಲ್ಲಿ ಅವರ ವಿಷಯ ಬರೆದ ಮೇಲೆ ಲೋಕವೆಲ್ಲ ಅವರನ್ನು ಅರಿಯಿತು. ೧೯೮೬ರಲ್ಲಿ ಅವರು ಕಾಲವಾದರು.

ಇನ್ನು ಡೆಮ್ಲೋ ಸಂಖ್ಯೆ ಎಂದರೇನೆಂದು ನೋಡೋಣ. ೧೧ನ್ನು ೧೧ರಿಂದ ಗುಣಿಸಿದರೆ ೧೨೧. ೧೧೧ನ್ನು ೧೧೧ರಿಂದ ಗುಣಿಸಿದರೆ ೧೨೩೨೧. ೧೧೧೧ನ್ನು ೧೧೧೧ರಿಂದ ಗುಣಿಸಿದರೆ ೧೨೩೪೩೨೧. ಆರು ಒಂದುಗಳನ್ನು ಬರೆದು ವರ್ಗ ಮಾಡಿದರೆ ೧೨೩೪೫೬೫೪೩೨೧. ಮೆಟ್ಟಿಲು ಹತ್ತಿ ಇಳಿದ ಹಾಗೆ! ಈಗ ನಡುವಿನ ೬ನ್ನು ಬಿಟ್ಟು, ಎಡಗಡೆಯ ೧೨೩೪೫ಕ್ಕೆ ಬಲಗಡೆಯ ೫೪೩೨೧ನ್ನು ಕೂಡಿಸಿರಿ. ೬೬೬೬೬ ಬರುತ್ತದೆ. ನಡುವಿನ ಅಂಕಿಯೇ ಮತ್ತೆ ಮತ್ತೆ ಬಂತಲ್ಲವೇ? ಎಡಭಾಗ ಬಲಭಾಗಗಳನ್ನು ಕೂಡಿಸಿದರೆ ನಡುಭಾಗದ ಅಂಕಿಯೇ ದೊರೆಯಬೇಕು. ಇದೇ ಡೆಮ್ಲೋ ಸಂಖ್ಯೆಯ ಲಕ್ಷಣ. ೧೬೫ ಅಂಥದು, ೧ಕ್ಕೆ ೫ ಕೂಡಿಸಿದರೆ ೬. ೨೫೫೩ ಅಂಥದು. ೪೭೭೭೩ ಕೂಡ ಅಂಥದೇ.

ಸೊಗಸನ್ನು ಕಂಡು ತಲೆದೂಗಿದರೆ ಸಾಲದು, ಕಾರಣವನ್ನೂ ಕೇಳಬೇಕು. ೧೧೧ನ್ನು ೧೧೧ರಿಂದ ಶಾಲೆಯಲ್ಲಿ ಕಲಿತಂತೆ ಗುಣಿಸಿರಿ. ಒಂದರ ಕೆಳಗೊಂದು ಮೂರು ಸಾಲು ೧೧೧ ಬರುತ್ತವೆ. ಪ್ರತಿಯೊಂದು ಸಾಲೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಮನೆಯಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಮೂರು, ಮತ್ತೆ ಎರಡು, ಮತ್ತೆ ಒಂದು. ಮೆಟ್ಟಿಲು ಕಟ್ಟಿದ್ದು ಹೀಗೆ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತಾದರೆ ನಡುಮನೆಯಲ್ಲಿ ಹತ್ತು ಕೂಡಿ ದಶಕ ಎಡಕ್ಕೆ ಹಾರುತ್ತದೆ, ಮೆಟ್ಟಿಲು ಮುರಿಯುತ್ತದೆ. ಆಗ ಬರುವುದು ೧೨೩೪೫೬೭೯೦೦೯೮೭೬೫೪೩೨೧. ಎಲ್ಲಿಯವರೆಗೆ ನಿಯಮ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂದು ಕೇಳುವುದೇ ಸಂಖ್ಯಾಸಿದ್ಧಾಂತದ ಮೊದಲ ಪಾಠ.

ಈ ೧೨೩೪೫೬೫೪೩೨೧ ಕನ್ನಡಿಗರಿಗೆ ಹೊಸ ಸಂಖ್ಯೆಯಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥ ಬರೆದರು. ಉತ್ತರದ ಅಂಕಿಗಳು ಕೊರಳ ಹಾರದಂತೆ ಪೋಣಿಸಿಕೊಂಡು ಬರುವ ಗುಣಾಕಾರದ ಲೆಕ್ಕಗಳು ಅದರಲ್ಲಿವೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ಇನ್ನೊಂದು, ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕ. ಉತ್ತರ ಅದೇ ೧೨೩೪೫೬೫೪೩೨೧! ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ಆರು ಒಂದುಗಳು. ಹಾರದ ದಾರ ಅದು.

ನೃಪತುಂಗನೆಂದರೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಅರಸನ ಆಶ್ರಯದಲ್ಲಿ ಗಣಿತವೂ ಬೆಳೆಯಿತೆಂಬುದನ್ನು ನಾವು ಮರೆಯಬಾರದು. ಆ ಅರಸನು ನಾವಿರುವ ಈ ನೆಲಕ್ಕೂ ಹೊರಗಿನವನಲ್ಲ. ಉತ್ತರ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಠಾಣೆಗೂ ಬೊರಿವಲಿಗೂ ನಡುವಣ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಇಂದಿಗೂ ಇದೆ. ಮಾನ್ಯಖೇಟದ ಕಾಲದ ಸಂಖ್ಯೆಯೊಂದು ಸಾವಿರ ವರ್ಷಗಳ ಮೇಲೆ ಮರಾಠಿ ಗುಮಾಸ್ತನ ಮಗನಿಗೆ ಡೊಂಬಿವಲಿಯಲ್ಲಿ ಬೇರೊಂದು ದಾರಿಯಿಂದ ದೊರೆಯಿತು. ಗಡಿಯ ಜಗಳ ಮನುಷ್ಯರದು. ಸಂಖ್ಯೆಗಳು ಅದನ್ನು ಅರಿಯವು.

ಇನ್ನು ನಮ್ಮ ಕಸುಬಿನ ಒಂದು ಗುಟ್ಟು. ಸಂಜೆ ಲೆಕ್ಕ ತಾಳೆಯಾಗದೆ, ಉಳಿದ ವ್ಯತ್ಯಾಸ ೯ರಿಂದ ನಿಶ್ಶೇಷವಾಗಿ ಭಾಗವಾಗುವಂತಿದ್ದರೆ, ಎಲ್ಲಾದರೂ ಅಂಕಿಗಳು ಹಿಂದುಮುಂದಾಗಿವೆಯೇ ಎಂದು ಮೊದಲು ಹುಡುಕುವುದು ಹಳೆಯ ಗುಮಾಸ್ತರ ರೂಢಿ. ೮೩ ಬರೆಯುವಲ್ಲಿ ೩೮ ಬರೆದರೆ ವ್ಯತ್ಯಾಸ ೪೫. ಅದು ಒಂಬತ್ತೈದಲ ನಲವತ್ತೈದು. ಅಂಕಿ ಹತ್ತರ ಮನೆಯಿಂದ ಬಿಡಿಯ ಮನೆಗೆ ಇಳಿದರೆ ಹತ್ತು ಹೋಗಿ ಒಂದು ಬರುತ್ತದೆ. ನಷ್ಟ ಒಂಬತ್ತೊಂಬತ್ತಾಗಿಯೇ ಆಗುತ್ತದೆ. ಕಾರಣ ಇಷ್ಟೇ.

ಈ ಗುಟ್ಟಿನ ಮೇಲೆಯೇ ಕಾಪ್ರೇಕರರ ಅತ್ಯಂತ ಪ್ರಸಿದ್ಧವಾದ ಶೋಧವೂ ನಿಂತಿದೆ. ಅದನ್ನು ಅವರು ೧೯೪೯ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಪ್ರಕಟಿಸಿದರು. ನಾಲ್ಕಂಕಿಯ ಯಾವುದಾದರೊಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ. ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು, ಅಷ್ಟೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿರಿ. ಕನ್ನಡ ನಾಡು ಒಂದಾದ ೧೯೫೬ನ್ನೇ ನೋಡೋಣ. ೯೬೫೧ರಲ್ಲಿ ೧೫೬೯ ಕಳೆದರೆ ೮೦೮೨. ೮೮೨೦ರಲ್ಲಿ ೦೨೮೮ ಕಳೆದರೆ ೮೫೩೨. ೮೫೩೨ರಲ್ಲಿ ೨೩೫೮ ಕಳೆದರೆ ೬೧೭೪. ಮತ್ತೆ ಮಾಡಿದರೆ, ೭೬೪೧ರಲ್ಲಿ ೧೪೬೭ ಹೋಗಿ ಪುನಃ ೬೧೭೪ ಬರುತ್ತದೆ. ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ೧೯೭೩ ಎರಡೇ ಹೆಜ್ಜೆಯಲ್ಲಿ ಅಲ್ಲಿಗೆ ಸೇರುತ್ತದೆ. ಯಾವ ಸಂಖ್ಯೆಗೂ ಏಳು ಹೆಜ್ಜೆಗಿಂತ ಹೆಚ್ಚು ಬೇಡ.

ಇದನ್ನು ಪರೀಕ್ಷಿಸುವುದು ಹೇಗೆ? ಗಣಕಯಂತ್ರವಾದರೆ ಸುಮಾರು ಹತ್ತು ಸಾವಿರ ಸಂಖ್ಯೆಗಳನ್ನೂ ಒಂದೊಂದಾಗಿ ಕ್ಷಣದಲ್ಲಿ ನೋಡಿಬಿಡುತ್ತದೆ. ಆದರೆ ಸ್ವಲ್ಪ ಯೋಚಿಸಿದರೆ ಅಷ್ಟು ಶ್ರಮ ಬೇಡ. ಕಳೆದಾಗ ಬರುವ ಉತ್ತರವು ಎರಡೇ ಸಂಗತಿಗಳನ್ನು ಅವಲಂಬಿಸಿದೆ: ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ, ನಡುವಿನ ಎರಡು ಅಂಕಿಗಳ ಅಂತರ. ಮೊದಲ ಅಂತರವನ್ನು ೯೯೯ರಿಂದಲೂ ಎರಡನೆಯದನ್ನು ೯೦ರಿಂದಲೂ ಗುಣಿಸಿ ಕೂಡಿಸಿದರೆ ಉತ್ತರ ಸಿದ್ಧ. ಇಂಥ ಅಂತರಗಳ ಜೋಡಿಗಳು ಒಟ್ಟು ೫೪ ಮಾತ್ರ. ಹತ್ತು ಸಾವಿರವಿದ್ದದ್ದು ಐವತ್ತನಾಲ್ಕಕ್ಕೆ ಇಳಿಯಿತು! ಒಂದು ಭಾನುವಾರದ ಮಧ್ಯಾಹ್ನ, ಒಂದು ಪೆನ್ಸಿಲು ಸಾಕು. ಯಂತ್ರಕ್ಕೆ ವೇಗವುಂಟು, ಕೆಲಸವನ್ನು ಹಗುರ ಮಾಡುವುದು ವಿಚಾರ. ಇವೆರಡೂ ಕೂಡಿದಾಗಲೇ ದೊಡ್ಡ ಕೆಲಸಗಳು ಆಗುವುದು.

ಇದರಿಂದೇನು ಪ್ರಯೋಜನವೆಂದು ಕೇಳುವವರಿಗೂ ಉತ್ತರ ಕೊಡಬೇಕಷ್ಟೆ. ನಿಮ್ಮ ಜೇಬಿನಲ್ಲಿರುವ ಬ್ಯಾಂಕಿನ ಕಾರ್ಡನ್ನು ನೋಡಿರಿ. ಅದರ ಸಂಖ್ಯೆಯ ಕೊನೆಯ ಅಂಕಿ ಉಳಿದೆಲ್ಲ ಅಂಕಿಗಳಿಂದ ಲೆಕ್ಕಹಾಕಿ ಇಟ್ಟ ಸಾಕ್ಷಿ. ಇದು ಲೂನ್ ಎಂಬವರು ೧೯೫೪ರಲ್ಲಿ ಸೂಚಿಸಿದ ಉಪಾಯ. ಒಂದು ಅಂಕಿ ತಪ್ಪಿದರೆ ಸಾಕ್ಷಿ ಕೂಡಲೇ ಹೇಳುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಹೇಳುತ್ತದೆ. ೦೯ ಇದ್ದದ್ದು ೯೦ ಆದರೆ, ಅಥವಾ ೯೦ ಇದ್ದದ್ದು ೦೯ ಆದರೆ ಮಾತ್ರ ಅದಕ್ಕೆ ತಿಳಿಯದು. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಗೆ ವೆರ್ಹೂಫ್ ಎಂಬ ಡಚ್ ಗಣಿತಜ್ಞರು ೧೯೬೯ರಲ್ಲಿ ಕಂಡ ಕ್ರಮವನ್ನು ಬಳಸಿದ್ದಾರೆ. ಅದು ಈ ಅದಲುಬದಲನ್ನೂ ಬಿಡದೆ ಹಿಡಿಯುತ್ತದೆ.

ನವಿ ಮುಂಬಯಿಯ ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ‘ಆಕ್ಟ್ರೆಕ್’ ಎಂಬ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆಯ ಸಂಸ್ಥೆಯಿದೆ. ಅಲ್ಲಿಯೂ ತಾಳೆ ನೋಡುವ ಕೆಲಸ ನಡೆಯುತ್ತದೆ. ನಮ್ಮ ಜೀವಕೋಶಗಳಲ್ಲಿ ನಾಲ್ಕೇ ಅಕ್ಷರಗಳಿಂದಾದ, ಸುಮಾರು ೩೦೦ ಕೋಟಿ ಅಕ್ಷರಗಳ ಬರವಣಿಗೆಯಿದೆ. ಗೆಡ್ಡೆಯ ಬರವಣಿಗೆಯನ್ನು ಮಾದರಿಯೊಡನೆ ಹೋಲಿಸಿದರೆ ವ್ಯತ್ಯಾಸಗಳು ಹೇರಳವಾಗಿ ಸಿಗುತ್ತವೆ. ಆದರೆ ಎಲ್ಲವೂ ರೋಗವಲ್ಲ. ಬ್ಯಾಂಕಿನ ಲೆಕ್ಕ ಹೊಂದಿಸುವಾಗ, ಇನ್ನೂ ಪಾಸಾಗದ ಚೆಕ್ಕುಗಳಂಥ ಗೊತ್ತಿರುವ ವ್ಯತ್ಯಾಸಗಳನ್ನು ಮೊದಲು ಬದಿಗಿಟ್ಟರೆ ನಿಜವಾದ ತಪ್ಪು ಎದ್ದು ಕಾಣುತ್ತದೆ. ಅಲ್ಲಿಯ ಸಂಶೋಧಕರು ೨೦೧೬ರಲ್ಲಿ ಮಾಡಿದ್ದೂ ಅದನ್ನೇ: ಭಾರತೀಯರಲ್ಲಿ ಸಹಜವಾಗಿ ಕಾಣುವ ವ್ಯತ್ಯಾಸಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಸಹಜವಾದದ್ದನ್ನು ಕಳೆದ ಮೇಲೆ ಉಳಿದದ್ದರಲ್ಲಿ ರೋಗದ ಮೂಲವನ್ನು ಹುಡುಕಬೇಕು.

ಸಭಿಕರೇ, ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ನಮ್ಮ ಕೌಂಟರಿನ ಮುಂದೆ ನಿಂತವರು ಮರಾಠಿಯಲ್ಲೋ ಹಿಂದಿಯಲ್ಲೋ ಸರಾಗವಾಗಿ ಮಾತನಾಡಿ, ಹಣ ಕೈಗೆ ಬಂದೊಡನೆ ತುಟಿ ಅಲ್ಲಾಡಿಸುತ್ತ ತಮ್ಮ ತಾಯ್ನುಡಿಯಲ್ಲಿ ನೋಟು ಎಣಿಸುವುದನ್ನು ನಾವು ನಿತ್ಯ ಕಾಣುತ್ತೇವೆ. ಎಣಿಕೆಯೆಂಬುದು ನುಡಿಯ ಒಳಮನೆ. ಉಳಿದ ಮಾತೆಲ್ಲ ಬದಲಾದರೂ ಅದು ಬದಲಾಗುವುದು ಕೊನೆಗೆ. ಆದರೆ ನಮ್ಮ ಮಕ್ಕಳು? ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುವ ಮಗುವೂ ಎಣಿಸುವುದು ಇಂಗ್ಲಿಷಿನಲ್ಲಿ. ‘ನಲವತ್ತೇಳು’ ಎಂದರೆ ಎಷ್ಟೆಂದು ಕೇಳುತ್ತದೆ. ಈ ಲೇಖನದ ಅಂಕಿಗಳನ್ನು ಓದಲಾರದ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದನೆಂದು ಹೆಮ್ಮೆಪಡುವ ನಮಗೆ ಇದು ಕ್ಷೇಮವಲ್ಲ.

ಇದಕ್ಕೆ ಮಕ್ಕಳನ್ನು ಗದರಿಸಿ ಫಲವಿಲ್ಲ. ಶಾಲೆ ಅದರ ಕೆಲಸ ಮಾಡಲಿ. ಮನೆಯ ಕೆಲಸ ನಮ್ಮದು. ಹತ್ತು ಕನ್ನಡ ಅಂಕಿಗಳನ್ನು ಕಲಿಸಲು ಒಂದು ವಾರ ಸಾಕು. ಅನಂತರ ಒಂದು ರಜೆಯ ದಿನ ಊಟವಾದ ಮೇಲೆ ಆ ೫೪ ಲೆಕ್ಕಗಳನ್ನು ಮನೆಯವರೆಲ್ಲ ಹಂಚಿಕೊಂಡು ಮಾಡಿರಿ. ಉತ್ತರ ಬಂದಾಗ ‘ಏಕೆ ಹೀಗಾಯಿತು?’ ಎಂದು ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಕೇಳಲಿ. ಉತ್ತರವನ್ನು ಯಾವ ಭಾಷೆಯಲ್ಲಾದರೂ ಗಿಣಿಯಂತೆ ಒಪ್ಪಿಸಬಹುದು; ಕಾರಣವನ್ನು ಅಜ್ಜಿಗೆ ತಿಳಿಯುವ ಹಾಗೆ ಹೇಳಬೇಕಾದರೆ ಮಗುವಿಗೆ ಲೆಕ್ಕವೂ ಬರಬೇಕು, ಕನ್ನಡವೂ ಬರಬೇಕು. ಸಂಘದ ಪುಸ್ತಕ ಭಂಡಾರಕ್ಕೆ ಪದ್ಮಾವತಮ್ಮನವರ ಕನ್ನಡ ಅನುವಾದವುಳ್ಳ ‘ಗಣಿತಸಾರಸಂಗ್ರಹ’ವನ್ನು ತರಿಸಿಕೊಳ್ಳಬೇಕೆಂದು ಕಾರ್ಯಕಾರಿ ಮಂಡಳಿಯವರಲ್ಲಿ ನಮ್ಮ ವಿನಂತಿ.