ಮರದ ಮೇಲಿನ ಸೀತಾಳೆ, ಜಗಲಿಯ ಆರ್ಕಿಡ್

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಒಬ್ಬರು ಎಂಜಿನಿಯರು, ಇನ್ನೊಬ್ಬರು ಸೈನ್ಯದಲ್ಲಿದ್ದು ಬಂದವರು. ನಾನು ಮನೆ, ತೋಟ, ಕೊಟ್ಟಿಗೆ ನೋಡಿಕೊಂಡು ಇದ್ದವಳು. ಸಮಿತಿಯವರು ಫೋನ್ ಮಾಡಿ, "ಅಕ್ಕಾ, ನಿಮ್ಮ ಜಗಲಿಯ ಆರ್ಕಿಡ್ ಬಗ್ಗೆ ಹೇಳಿ, ಎಲ್ಲರೂ ಕೇಳುತ್ತಾ ಇದ್ದಾರೆ" ಎಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೆನಪಾಯಿತು, ಈ ಗಿಡದ ವಿಷಯದಲ್ಲಿ ನಾನು ಮಾಡಿದ ಮೊದಲನೇ ತಪ್ಪು ನಡೆದದ್ದು ಇದೇ ಶಾಲೆಯ ಅಂಗಳದಲ್ಲಿ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳುವುದು ಸರಿಯಲ್ಲ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನಾನಾಗ ಒಂಬತ್ತನೇ ತರಗತಿ. ಬಾವಿಯ ಪಕ್ಕ ಒಂದು ದೊಡ್ಡ ಮಾವಿನ ಮರ ಇದ್ದದ್ದು ನನ್ನ ಕಾಲದವರಿಗೆಲ್ಲ ನೆನಪಿರಬೇಕು. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಅದರ ಕೊಂಬೆಗಳಲ್ಲಿ ಸೀತಾಳೆ ದಂಡೆ ಜೋತುಬಿದ್ದಿರುತ್ತಿತ್ತು. ಬಿಳಿ ಹೂವು, ಅದರ ಮೇಲೆ ನೇರಳೆ ಚುಕ್ಕೆ, ನರಿಯ ಬಾಲದ ಹಾಗೆ ಒತ್ತೊತ್ತಾಗಿ. ಸೀತಮ್ಮ ವನವಾಸದಲ್ಲಿ ಮುಡಿದ ದಂಡೆ ಇದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ನನಗೆ ಅದು ನಮ್ಮ ಮನೆಯಲ್ಲೇ ಬೇಕು ಅನ್ನಿಸಿತು. ತರಗತಿಯ ಹುಡುಗನೊಬ್ಬನಿಗೆ ಪೆಪ್ಪರಮಿಂಟಿನ ಆಸೆ ತೋರಿಸಿ ಮರ ಹತ್ತಿಸಿದೆ. ಅವನು ಬೇರು ಹರಿದು ಕಿತ್ತು ಕೆಳಗೆ ಎಸೆದ. ಮನೆಗೆ ಒಯ್ದು ಹಳೆಯ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ, ಹಟ್ಟಿಗೊಬ್ಬರ ಹಾಕಿ, ನೆಟ್ಟು, ಬೆಳಿಗ್ಗೆ ಸಂಜೆ ನೀರು ಹೊಯ್ದೆ. ಮೂರು ವಾರದಲ್ಲಿ ಎಲೆ ಹಳದಿಯಾಯಿತು. ಮುಟ್ಟಿದರೆ ಬುಡ ಕೊಳೆತ ಬಾಳೆದಿಂಡಿನ ಹಾಗೆ ಮೆತ್ತಗೆ.

ಡಬ್ಬ ಹೊತ್ತುಕೊಂಡು ವಿಜ್ಞಾನದ ಮೇಷ್ಟ್ರ ಹತ್ತಿರ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗಿಡವನ್ನು ಎತ್ತಿ ಬೇರು ತೋರಿಸಿ, "ಮರದ ಮೇಲೆ ಇದಕ್ಕೆ ಯಾರಮ್ಮ ಗೊಬ್ಬರ ಹಾಕ್ತಿದ್ರು? ಮಣ್ಣು ಎಲ್ಲಿತ್ತು?" ಎಂದು ಕೇಳಿದರು. ಅಷ್ಟೇ. ನನಗೆ ಗೊತ್ತಿರುವ ಆರ್ಕಿಡ್ ವಿದ್ಯೆಯೆಲ್ಲ ಆ ಎರಡು ಪ್ರಶ್ನೆಯಿಂದ ಹುಟ್ಟಿದ್ದು.

ಮರದ ಮೇಲೆ ಬೆಳೆಯುವುದನ್ನೆಲ್ಲ ನಾವು ಬಂದಳಿಕೆ ಅನ್ನುತ್ತೇವೆ. ಬಂದಳಿಕೆ ಮರದ ಒಳಕ್ಕೆ ಬೇರಿಳಿಸಿ ಅದರ ರಸ ಹೀರುತ್ತದೆ. ಸೀತಾಳೆ ಹಾಗಲ್ಲ. ಅದು ಮರವನ್ನು ಹಿಡಿದುಕೊಂಡು ನಿಲ್ಲುತ್ತದೆ, ಮರದಿಂದ ಏನನ್ನೂ ಕಸಿಯುವುದಿಲ್ಲ. ತೊಗಟೆಯ ಮೇಲೆ ಹರಿದುಬರುವ ಮಳೆನೀರು, ಗಾಳಿಯ ತೇವ, ಕೊಳೆತ ಎಲೆಯ ಸಾರ, ಇಷ್ಟೇ ಅದರ ಊಟ. ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ಮಳೆ ಬಿದ್ದ ಕೂಡಲೇ ಅದು ನೀರು ಹೀರಿ ಹಸಿರಾಗುತ್ತದೆ, ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನಲ್ಲಿ ಹೂತರೆ ಉಸಿರುಕಟ್ಟಿ ಕೊಳೆಯುತ್ತದೆ. ನೆಲದಲ್ಲೇ ಬೆಳೆಯುವ ಆರ್ಕಿಡ್‌ಗಳೂ ಇವೆ, ಆದರೆ ನಾವು ಮನೆಗೆ ತರುವವು ಹೆಚ್ಚಿನವು ಮರದ ಮೇಲಿನ ಜಾತಿಯವು.

ನಮ್ಮ ಊರಿಗೆ ಆರ್ಕಿಡ್ ಹೊಸದೇನಲ್ಲ. ವೆನಿಲ್ಲಾ ಹಾಕಿ ಕೈ ಸುಟ್ಟುಕೊಂಡವರು ಈ ಸಭೆಯಲ್ಲೇ ಎಷ್ಟು ಜನ ಇದ್ದಾರೋ! ಅದೂ ಆರ್ಕಿಡ್ ಬಳ್ಳಿಯೇ. ಬೆಳಿಗ್ಗೆ ಎದ್ದು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದ್ದು ಮರೆತಿಲ್ಲ ತಾನೆ? ಆ ಸುಲಭದ ಕೈವಿದ್ಯೆಯನ್ನು 1841ರಲ್ಲಿ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಮಕ್ಕಳೇ, ನಿಮ್ಮ ಏಳನೇ ತರಗತಿಯವರ ವಯಸ್ಸು ಅವನದು.

ನಾನು ಮಾಡಿದ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಶ್ರೀಮಂತರು ಉಷ್ಣವಲಯದಿಂದ ಹಡಗುಗಟ್ಟಲೆ ಆರ್ಕಿಡ್ ತರಿಸಿದರು. ಬಿಸಿ ದೇಶದ ಗಿಡ ಎಂದುಕೊಂಡು ಗಾಳಿಯಾಡದ ಗಾಜಿನ ಮನೆಯಲ್ಲಿಟ್ಟು, ಬಿಸಿ ಹಬೆ ತುಂಬಿಸಿದರು. ಹೆಚ್ಚಿನವು ಸತ್ತವು. ಅವುಗಳಲ್ಲಿ ಎಷ್ಟೋ ಗಿಡಗಳು ತಂಪು ಗಾಳಿ ಬೀಸುವ ಬೆಟ್ಟದ ಮೇಲಿಂದ ಬಂದವು ಎಂಬುದನ್ನು ಮೊದಲಿಗೆ ಯಾರೂ ವಿಚಾರಿಸಿರಲಿಲ್ಲ. ಕಿಟಕಿ ತೆರೆದು ಗಾಳಿ ಬಿಡಲು ಕಲಿತ ಮೇಲೆ ಗಿಡ ಉಳಿಯತೊಡಗಿತು.

ಈಗ ಕೆಲಸಕ್ಕೆ ಬರುವ ಮಾತು. ಪೇಟೆಯ ನರ್ಸರಿಯಲ್ಲಿ ಹೆಚ್ಚಾಗಿ ಸಿಗುವುದು ಎರಡು. ಪತಂಗದ ರೆಕ್ಕೆಯಂಥ ಅಗಲ ಹೂವಿನದು ಫೆಲನಾಪ್ಸಿಸ್. ಕಬ್ಬಿನ ಹಾಗೆ ಗಿಣ್ಣು ಗಿಣ್ಣಿನ ಕಾಂಡ ಇರುವುದು ಡೆಂಡ್ರೋಬಿಯಂ. ಮೊದಲ ಸಲ ಸಾಕುವವರು, ಅದರಲ್ಲೂ ಕರಾವಳಿಯ ಸೆಖೆಯಲ್ಲಿ ಇರುವವರು, ಡೆಂಡ್ರೋಬಿಯಂ ತನ್ನಿ. ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿರುವವರಿಗೆ ಫೆಲನಾಪ್ಸಿಸ್ ಒಳ್ಳೆಯದು, ಅದಕ್ಕೆ ಬೆಳಕು ಕಡಿಮೆ ಸಾಕು. ವಂಡಾ ಎಂಬ ಇನ್ನೊಂದಿದೆ. ಬುಟ್ಟಿಯಲ್ಲಿ ಬೇರು ಬಿಟ್ಟುಕೊಂಡು ತೂಗುತ್ತದೆ, ಮಳೆ ಇಲ್ಲದ ದಿನಗಳಲ್ಲಿ ದಿನಾ ನೀರು ಕೇಳುತ್ತದೆ. ಮನೆ ಬೀಗ ಹಾಕಿ ಊರೂರು ತಿರುಗುವವರಿಗೆ ಅದು ಬೇಡ.

ಕುಂಡಕ್ಕೆ ಮಣ್ಣು ಬೇಡವೇ ಬೇಡ. ಸುತ್ತಲೂ ತೂತಿರುವ ಮಣ್ಣಿನ ಕುಂಡ ತೆಗೆದುಕೊಳ್ಳಿ. ಒಡೆದ ಹೆಂಚಿನ ಚೂರು, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು, ಈ ಮೂರೂ ನಮ್ಮ ಹಿತ್ತಲಲ್ಲೇ ಸಿಗುತ್ತವೆ. ಸಿಪ್ಪೆಯನ್ನು ನಾಲ್ಕೈದು ದಿನ ನೀರು ಬದಲಿಸುತ್ತಾ ನೆನೆಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಬಳಸಿ. ಮಳೆ ಜಾಸ್ತಿ ಇರುವ ನಮ್ಮ ಕಡೆ ಸಿಪ್ಪೆ ಕಡಿಮೆ, ಹೆಂಚು ಇದ್ದಿಲು ಹೆಚ್ಚು. ಅಂಗಡಿಯಿಂದ ತಂದ ಫೆಲನಾಪ್ಸಿಸ್ ಗಿಡದ ಬುಡದಲ್ಲಿ ಒಣಪಾಚಿಯನ್ನು ಒತ್ತಿ ತುಂಬಿರುತ್ತಾರೆ. ಮೇಲೆ ಒಣಗಿದಂತೆ ಕಂಡರೂ ನಡುವೆ ಒದ್ದೆ ಇರುತ್ತದೆ. ಹೂವು ಮುಗಿದ ಮೇಲೆ ಅದನ್ನು ಬಿಡಿಸಿ ಕುಂಡ ಬದಲಿಸಿ.

ನೀರು ಎಷ್ಟು ದಿನಕ್ಕೊಮ್ಮೆ ಎಂದು ಎಲ್ಲರೂ ಕೇಳುತ್ತಾರೆ. ಕ್ಯಾಲೆಂಡರ್ ನೋಡಬೇಡಿ, ಬೇರು ನೋಡಿ. ಹಸಿರಿದ್ದರೆ ಬಿಟ್ಟುಬಿಡಿ. ಬೆಳ್ಳಗಾಗಿದ್ದರೆ ಬೆಳಗಿನ ಹೊತ್ತು, ಕುಂಡದ ತಳದಿಂದ ಹರಿದುಹೋಗುವಷ್ಟು ಹೊಯ್ಯಿರಿ. ತಳದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಫೆಲನಾಪ್ಸಿಸ್ ಗಿಡದ ಎಲೆಗಳ ನಡುವಿನ ಸುಳಿಯಲ್ಲಿ ಒಂದು ರಾತ್ರಿ ನೀರು ನಿಂತರೂ ಸುಳಿ ಕೊಳೆಯಬಹುದು, ಹತ್ತಿಯಲ್ಲಿ ಒರೆಸಿ ತೆಗೆಯಿರಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ಬೇರಿನ ಮೇಲೆ ಉಪ್ಪು ಕಟ್ಟುತ್ತದೆ, ಮಳೆನೀರು ಹಿಡಿದಿಟ್ಟರೆ ಉತ್ತಮ.

ಬೆಳಕಿನ ಲೆಕ್ಕವನ್ನು ಎಲೆಯೇ ಹೇಳುತ್ತದೆ. ಎಲೆ ಕಡು ಹಸಿರಾಗಿ ಹೂವೇ ಬರದಿದ್ದರೆ ಬೆಳಕು ಸಾಲದು. ತಿಳಿ ಹಸಿರಾದರೆ ಸರಿ ಇದೆ. ಕಂದು ಕಲೆ ಬಿದ್ದರೆ ಬಿಸಿಲು ಸುಟ್ಟಿದೆ. ಪೂರ್ವದ ಜಗಲಿಯ ಎಳೆಬಿಸಿಲು ಎರಡಕ್ಕೂ ಒಗ್ಗುತ್ತದೆ. ಡೆಂಡ್ರೋಬಿಯಂಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು.

ಗೊಬ್ಬರಕ್ಕೆ ಅಡಿಕೆ ತೋಟದ ಕೈ ಬೇಡ. ನೀರಿನಲ್ಲಿ ಕರಗುವ 19:19:19 ಇದೆಯಲ್ಲ, ಅದನ್ನು ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಬೇರು ಒದ್ದೆಯಾದ ಮೇಲೆ. ಅಷ್ಟು ಸಾಕು. ಜೋರು ಮಳೆಗಾಲದಲ್ಲಿ ಅದೂ ಬೇಡ. ಕುಂಡವನ್ನು ಮಾಡಿನ ನೀರು ಸುರಿಯುವ ಜಾಗದಿಂದ ಒಳಕ್ಕೆ ಸರಿಸಿ, ಗಾಳಿ ಆಡುವಂತೆ ದೂರ ದೂರ ತೂಗುಹಾಕಿ. ರಾತ್ರಿ ಟಾರ್ಚ್ ಹಿಡಿದು ಬಸವನಹುಳ ಹುಡುಕಿ ತೆಗೆಯಿರಿ. ಎಳೆ ಬೇರಿನ ತುದಿ ಅದಕ್ಕೆ ಹೋಳಿಗೆ ಇದ್ದ ಹಾಗೆ.

"ತಂದಾಗ ಹೂವಿತ್ತು, ಆಮೇಲೆ ಬರಲೇ ಇಲ್ಲ" ಎಂಬುದು ಇನ್ನೊಂದು ದೂರು. ಫೆಲನಾಪ್ಸಿಸ್ ಹೂದಂಟು ಬಿಡಬೇಕಾದರೆ ಕೆಲವು ವಾರ ರಾತ್ರಿ ತಂಪಿರಬೇಕು. ಚಳಿಗಾಲದಲ್ಲಿ ಅದನ್ನು ಬೆಚ್ಚಗಿನ ಕೋಣೆಯಿಂದ ಕಿಟಕಿಯ ಹತ್ತಿರಕ್ಕೆ ತನ್ನಿ. ದಂಟು ಕಂಡ ಮೇಲೆ ಹೂವು ಅರಳಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅರಳಿದರೆ ಎರಡು ತಿಂಗಳಾದರೂ ನಿಲ್ಲುತ್ತದೆ. ಡೆಂಡ್ರೋಬಿಯಂನ ಎಲೆ ಉದುರಿದ ಹಳೆಯ ಕಾಂಡವನ್ನು ಸತ್ತಿದೆ ಎಂದು ಕತ್ತರಿಸಬೇಡಿ. ಅದು ಗಿಡದ ಕಣಜ, ಕೆಲವು ಸಲ ಅದರಲ್ಲೇ ಹೂವು ಬರುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಅನ್ನಬಹುದು, ದುಡ್ಡು ಕೊಟ್ಟು ಯಾಕೆ ತರಬೇಕು, ಕಾಡಿನಲ್ಲಿ ಬೇಕಾದಷ್ಟಿದೆಯಲ್ಲ ಎಂದು. ನನ್ನ ಮುಖ್ಯವಾದ ಮಾತು ಇರುವುದು ಇಲ್ಲಿ.

1850ರಲ್ಲಿ ಜೋಸೆಫ್ ಹೂಕರ್ ಎಂಬ ಸಸ್ಯವಿಜ್ಞಾನಿ ಖಾಸಿ ಬೆಟ್ಟಕ್ಕೆ ಬಂದಿದ್ದರು. ಲಂಡನ್ನಿನ ಕ್ಯೂ ತೋಟಕ್ಕೆಂದು ಏಳು ಆಳಿನ ಹೊರೆಯಷ್ಟು ನೀಲಿ ವಂಡಾ ಕಿತ್ತು ಕಳಿಸಿದರು. ಇಂಗ್ಲೆಂಡಿಗೆ ಜೀವಂತವಾಗಿ ಮುಟ್ಟಿದ್ದು ಕೆಲವೇ ಗಿಡ ಎಂದು ಅವರೇ ಬರೆದಿಟ್ಟಿದ್ದಾರೆ. ಇವತ್ತು ಆ ನೀಲಿ ವಂಡಾ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಗಿಡಗಳ ಪಟ್ಟಿಯಲ್ಲಿದೆ. ಭಾರತದಲ್ಲಿ 1,250ಕ್ಕೂ ಹೆಚ್ಚು ಜಾತಿಯ ಆರ್ಕಿಡ್ ಇವೆ. ಒಂದೊಂದು ಕಾಯಿಯಲ್ಲೂ ಧೂಳಿನಂಥ ಬೀಜ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಆದರೆ ಆ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇಲ್ಲ. ಗಾಳಿಯಲ್ಲಿ ಹಾರಿ, ಸರಿಯಾದ ತೊಗಟೆಯ ಮೇಲೆ ಕೂತು, ಅಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಆಹಾರ ಕೊಟ್ಟರೆ ಮಾತ್ರ ಬದುಕುತ್ತದೆ. ಆಮೇಲೂ ಹೂವು ಬಿಡುವಷ್ಟು ದೊಡ್ಡದಾಗಲು ವರ್ಷಗಳೇ ಬೇಕು. ಬಾವಿಕಟ್ಟೆಯ ಮರದಿಂದ ನಾನು ಕೀಳಿಸಿದ ಗಿಡಕ್ಕೆ ಬಹುಶಃ ನನ್ನಷ್ಟೇ ವಯಸ್ಸಾಗಿತ್ತು. ನಾನು ಅದನ್ನು ಮೂರು ವಾರದಲ್ಲಿ ಮುಗಿಸಿದೆ.

ನರ್ಸರಿಯ ಗಿಡ ಕಾಡಿನಿಂದ ಬರಬೇಕಾಗಿಲ್ಲ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರ ಇಲ್ಲದೆಯೂ ಸಕ್ಕರೆ ಮತ್ತು ಲವಣ ಬೆರೆಸಿದ ಲೋಳೆಯಲ್ಲಿ ಆರ್ಕಿಡ್ ಬೀಜ ಮೊಳೆಯುತ್ತದೆ ಎಂದು ತೋರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್, ಸುಳಿಯ ಒಂದು ಚೂರಿನಿಂದ ಹಲವು ಗಿಡ ಮಾಡುವ ದಾರಿ ತೋರಿಸಿದರು. ಅದರಿಂದಲೇ ಇವತ್ತು ಒಂದು ಸೀರೆಯ ಬೆಲೆಗಿಂತ ಕಡಿಮೆಗೆ ಆರ್ಕಿಡ್ ಸಿಗುತ್ತದೆ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬೇರು ಹರಿದ ಗಿಡಗಳನ್ನು ಕಟ್ಟು ಕಟ್ಟಿ ಮಾರುವವರಿಂದ ತೆಗೆದುಕೊಳ್ಳಬೇಡಿ. ಅದು ಕಾಡಿನದು. ಮೀಸಲು ಅರಣ್ಯದಿಂದ ಹಾಗೆ ತರುವುದು ಕಾನೂನಿಗೂ ವಿರುದ್ಧ.

ಹಾಗಾದರೆ ಸೀತಾಳೆಯನ್ನು ಮುಟ್ಟಲೇಬಾರದೇ? ಒಂದು ಸಂದರ್ಭದಲ್ಲಿ ಮುಟ್ಟಬೇಕು. ಮಳೆಗಾಳಿಗೆ ನಮ್ಮ ತೋಟದಲ್ಲಿ ಕೊಂಬೆ ಮುರಿದು ಬಿದ್ದಾಗ, ಮನೆಯ ಮರ ಕಡಿಸಿದಾಗ, ಅದರ ಮೇಲಿನ ಗಿಡ ನೆಲದಲ್ಲಿ ಬಿದ್ದಿದ್ದರೆ ಕೊಳೆಯುತ್ತದೆ. ಅದನ್ನು ತೊಗಟೆಯ ಸಮೇತ ಬಿಡಿಸಿ, ಒರಟು ತೊಗಟೆಯ ಇನ್ನೊಂದು ಮರಕ್ಕೆ, ಮಧ್ಯಾಹ್ನದ ಬಿಸಿಲು ತಾಗದ ಕಡೆ, ತೆಂಗಿನ ಹಗ್ಗದಿಂದ ಅಲುಗಾಡದಂತೆ ಕಟ್ಟಿ. ಸಗಣಿ, ಮಣ್ಣು ಮೆತ್ತಬೇಡಿ. ಬೇರು ಹಿಡಿಯುವ ಹೊತ್ತಿಗೆ ಹಗ್ಗ ತಾನೇ ಕರಗುತ್ತದೆ.

ಬಾವಿಯ ಪಕ್ಕದ ನಮ್ಮ ಮಾವಿನ ಮರ ಎರಡು ವರ್ಷದ ಹಿಂದಿನ ಆಷಾಢದ ಗಾಳಿಗೆ ಉರುಳಿತು. ಸುದ್ದಿ ಕೇಳಿ ಮಾರನೇ ದಿನ ಬಂದೆ. ಸೌದೆಯವರು ಬರುವ ಮುಂಚೆ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ ನಾಲ್ಕು ಗಿಡ ಬಿಡಿಸಿದೆ. ಬಿಸಿಯೂಟದ ಕೋಣೆಯ ಹಿಂದಿನ ಹಲಸಿನ ಮರಕ್ಕೆ ಎಂಟನೇ ತರಗತಿಯ ಮಕ್ಕಳೇ ಏಣಿ ಹಿಡಿದು ಕಟ್ಟಿಸಿದರು. ಎರಡು ಒಣಗಿಹೋದವು. ಎರಡು ಬದುಕಿವೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಹೂವು ಇನ್ನೂ ಬಿಟ್ಟಿಲ್ಲ. ಒಂದರಲ್ಲಿ ಹಸಿರು ತುದಿಯ ಮೂರು ಹೊಸ ಬೇರು ಹಲಸಿನ ತೊಗಟೆಯನ್ನು ಹಿಡಿದುಕೊಂಡಿವೆ.

ಮಕ್ಕಳೇ, ಅದನ್ನು ನೋಡಿಕೊಳ್ಳಿ. ನೀರು ಹಾಕಬೇಕಾಗಿಲ್ಲ, ಗೊಬ್ಬರ ಬೇಡ. ಯಾರಾದರೂ ಕೀಳಲು ಮರ ಹತ್ತಿದರೆ, ನಮ್ಮ ಮೇಷ್ಟ್ರು ನನಗೆ ಕೇಳಿದ ಎರಡು ಪ್ರಶ್ನೆಯನ್ನು ಅವರಿಗೆ ಕೇಳಿ.